ಕಲ್ಲೇರಿದ ಲಾರಿ ಇಳಿಯದ ಡ್ರೈವರ್

ನೀವು ಇದನ್ನು ನಂಬುವುದಿಲ್ಲ. ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಮ್ಮ ಹೈಸ್ಕೂಲಿನಲ್ಲಿ ನಾನು ಏನು ಹೇಳಿದರೂ ಅರ್ಧ ಕಳೆದು ಕೇಳುವ ಪದ್ಧತಿ ಇದೆ. ಹಾಜರಿ ಕೂಗುವಾಗ ನಾನು 'ಬಂದಿದೀನಿ ಸಾರ್' ಅಂದರೂ ಮೇಷ್ಟ್ರು ಒಮ್ಮೆ ತಲೆ ಎತ್ತಿ ಖಾತ್ರಿ ಮಾಡಿಕೊಳ್ಳುತ್ತಾರೆ. ಆದರೂ ಹೇಳುತ್ತೇನೆ. ಚಕ್ರವೇ ಇಲ್ಲದ ಲಾರಿಯನ್ನು ಹತ್ತಿ ಕೂತು, ಇಡೀ ಶಿಕಾರಿಪುರ ಬಂದು ಕರೆದರೂ ಇಳಿಯದಿದ್ದ ಒಬ್ಬ ಮನುಷ್ಯನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಲಾರಿ ನಮ್ಮಪ್ಪನದು. ಆ ಮನುಷ್ಯ ನಮ್ಮಪ್ಪನ ಡ್ರೈವರ್.

ಅವರೀಗ ನಮ್ಮೂರಿನಲ್ಲಿಲ್ಲ. ಸತ್ತರೇನೋ ಎಂದು ಕಣ್ಣೊರೆಸಿಕೊಳ್ಳಲು ಹೋಗಬೇಡಿ. ಈ ವರ್ಷ ದಾವಣಗೆರೆ ಕಡೆ ಯಾವುದೋ ಬಸ್ಸಿನ ಸ್ಟೇರಿಂಗ್ ಹಿಡಿದಿದ್ದಾರಂತೆ. ಅಲ್ಲಿಯ ಬಸ್ಸಿನ ಮಾಲೀಕನಿಗೆ ನನ್ನ ಸಂತಾಪಗಳು.

ಡ್ರೈವರ್ ಮಾಮನ ಮೀಸೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮ ಅಕ್ಕಿ ಮಿಲ್ಲಿನ ಗೇಟಿನಲ್ಲಿ ಮೊದಲು ಒಳಗೆ ಬಂದದ್ದು ಅದೇ. ಹಿಂದಿನಿಂದ ನಿಧಾನವಾಗಿ ಮನುಷ್ಯ ಬಂದ. ಗುಡವಿ ಕೆರೆಯ ಹಕ್ಕಿಗಳು ಆ ಮೀಸೆಯನ್ನು ನೋಡಿದ್ದರೆ ಮರ ಬಿಟ್ಟು ಇದರಲ್ಲೇ ಮೊಟ್ಟೆ ಇಡುತ್ತಿದ್ದವು. ಖಾಕಿ ಅಂಗಿ, ಕುತ್ತಿಗೆಗೆ ಕೆಂಪು ಕರವಸ್ತ್ರ, ಮಿಲಿಟರಿಯವರು ಕೊಟ್ಟ ಬೂಟು. ಆ ಬೂಟಿನ ಸದ್ದಿಗೆ ನಮ್ಮ ಭತ್ತದ ಚೀಲಗಳಲ್ಲಿದ್ದ ಇಲಿಗಳು ಶಿರಾಳಕೊಪ್ಪದ ಮಿಲ್ಲಿಗೆ ವಲಸೆ ಹೋದವು. ಇದನ್ನು ಮಾತ್ರ ಅರ್ಧ ಕಳೆಯಬೇಡಿ.

ಅಪ್ಪ ಗದ್ದುಗೆಯ ಮೇಲೆ ಕೂತಿದ್ದರು. ನಾನು ಬಾಗಿಲ ಮರೆಯಲ್ಲಿ, ಅಂದರೆ ಎಲ್ಲವೂ ಸರಿಯಾಗಿ ಕೇಳುವಲ್ಲಿ ಇದ್ದೆ.

"ಎಷ್ಟು ವರ್ಷದಿಂದ ಗಾಡಿ ಓಡಸ್ತೀಯಪ್ಪ?" ಅಪ್ಪ ಕೇಳಿದರು.

"ಇಂಗ್ಲೀಷರ ಕಾಲದಿಂದ. ಮೊದಲು ಇದ್ದಿಲು ಗ್ಯಾಸಿನ ಬಸ್ಸು. ಆಮೇಲೆ ಬರ್ಮಾ ಗಡೀಲಿ ಮಿಲಿಟ್ರಿ ಗಾಡಿ. ಆಮೇಲೆ ಸೊರಬ, ಸಾಗರ, ಶಿರಾಳಕೊಪ್ಪದ ಅಷ್ಟೂ ಸಾಹುಕಾರ್ರ ಲಾರಿ. ನಿಮ್ಮದೊಂದು ಬಾಕಿ ಇತ್ತು, ಬಂದೆ."

"ಅಷ್ಟೂ ಕಡೆ ಬಿಟ್ಟಿದ್ಯಾಕ?"

"ನಾನೆಲ್ಲಿ ಬಿಟ್ಟೆ ಸಾಹುಕಾರ್ರೆ? ಮಳೆ ಬಿಡಿಸ್ತು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಆಷಾಢ ಬಂತೆಂದರೆ ಸೊರಬದ ರಸ್ತೆ ಪಾಯಸವಾಗುತ್ತದೆ. ಆಗ ಸಾಹುಕಾರರು ಲಾರಿಯನ್ನು ಕಲ್ಲಿಗೆ ಏರಿಸುತ್ತಾರೆ. ಅಂದರೆ ಜಾಕಿ ಕೊಟ್ಟು ಎತ್ತಿ, ಅಚ್ಚಿನ ಕೆಳಗೆ ಕಲ್ಲು ಜೋಡಿಸಿ, ಟಯರುಗಳನ್ನು ಬಿಚ್ಚಿ ಒಳಗಿಡುತ್ತಾರೆ, ಕೊಳೆಯದಿರಲಿ ಅಂತ. ಟಯರಿಗೆ ಇಷ್ಟು ಉಪಚಾರ. ಡ್ರೈವರಿಗೆ ಮಾತ್ರ ಒಂದೇ ಮಾತು: 'ದೀಪಾವಳಿಗೆ ಬಾ.' ಅಲ್ಲಿಯವರೆಗೆ ಸಂಬಳವಿಲ್ಲ, ಸೂರಿಲ್ಲ. ಲಾರಿ ಇರುವ ಎಲ್ಲ ಊರುಗಳಲ್ಲೂ ಇದೇ ಪದ್ಧತಿ. ಯಾರೂ ಅದನ್ನು ತಪ್ಪು ಅಂದವರಿಲ್ಲ. ಒಬ್ಬರನ್ನು ಬಿಟ್ಟು.

"ಈಗ ನಾನು ಕೇಳ್ತೀನಿ," ಎಂದರು ಡ್ರೈವರ್ ಮಾಮ. "ನಿಮಗೆ ಎಷ್ಟು ವರ್ಷ ಸಾಹುಕಾರಿಕೆ ಅನುಭವ?"

ಅಪ್ಪನ ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು.

"ಇದಕ್ಕೂ ಮುಂಚೆ ಇದ್ದ ಡ್ರೈವರ್‌ಗಳು ಯಾಕೆ ಹೋದ್ರು? ಅವರಲ್ಲಿ ಯಾರಾದ್ರೂ ಒಬ್ಬರು ನಿಮ್ಮ ಬಗ್ಗೆ ಒಳ್ಳೆ ಮಾತು ಹೇಳ್ತಾರ?"

ಅಪ್ಪ ಪಕ್ಕದಲ್ಲಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತರ ಕಡೆ ನೋಡಿದರು. ಗುಮಾಸ್ತರು ಮಾಡಿನ ಕಡೆ ನೋಡಿದರು.

ಆಮೇಲೆ ಪರೀಕ್ಷೆ. ಡ್ರೈವರನ್ನು ಪರೀಕ್ಷೆ ಮಾಡಲು ಅಪ್ಪ ಲಾರಿ ಹತ್ತಿದರು, ತಮ್ಮನ್ನೇ ಪರೀಕ್ಷೆ ಮಾಡುತ್ತಿದ್ದಾರೆಂದು ತಾಳಗುಂದ ದಾಟುವವರೆಗೂ ಅವರಿಗೆ ಗೊತ್ತಿರಲಿಲ್ಲ. ಒಂದು ಗುಂಡಿಗೆ ಲಾರಿ ಹಾರಿದಾಗ ಅಪ್ಪ ಏನೋ ಅನ್ನಲು ಬಾಯಿ ತೆರೆದರಂತೆ. ಡ್ರೈವರ್ ಮಾಮ ಲಾರಿ ನಿಲ್ಲಿಸಿದರು. "ಗುಂಡಿಗೊಂದು ಬೈಗುಳ ಬೈಯೋ ಸಾಹುಕಾರ ನಂಗೆ ಆಗೋದಿಲ್ಲ. ಈಗಲೇ ಹೇಳಿಬಿಡಿ, ಇಬ್ಬರ ಟೈಮೂ ಉಳೀತದೆ." ಅಪ್ಪ ಉಳಿದ ದಾರಿಯೆಲ್ಲ ನಾಲಗೆ ಕಚ್ಚಿಕೊಂಡು ಬಂದರು. ಎಷ್ಟು ಗಟ್ಟಿಯಾಗಿ ಕಚ್ಚಿದ್ದರೆಂದರೆ ರಾತ್ರಿ ಸಾರಿಗೆ ಖಾರ ಹೆಚ್ಚಾಯಿತೆಂದು ಅಮ್ಮನ ಮೇಲೆ ರೇಗಿದರು.

ಮಿಲ್ಲಿಗೆ ವಾಪಸು ಬಂದು ಇಳಿದ ಡ್ರೈವರ್ ಮಾಮ ಅಪ್ಪನನ್ನು ಮೇಲಿಂದ ಕೆಳಗೆ ನೋಡಿ ಫಲಿತಾಂಶ ಹೇಳಿದರು. "ಪರವಾಗಿಲ್ಲ. ತಿದ್ದಬಹುದು."

ಅವರು ಬೇಡಿದ್ದು ಹೆಚ್ಚಿನ ಸಂಬಳವಲ್ಲ. ಅದಾಗಿದ್ದರೆ ಅಪ್ಪ ಅರ್ಧ ದಿನ ಚೌಕಾಸಿ ಮಾಡಿ ಸುಖಪಡುತ್ತಿದ್ದರು. ಅವರು ಬೇಡಿದ್ದು ಹನ್ನೆರಡು ತಿಂಗಳು. ಮಳೆಗಾಲದಲ್ಲೂ ಕೆಲಸ, ಮಳೆಗಾಲದಲ್ಲೂ ಸಂಬಳ. ಲಾರಿ ಕಲ್ಲಿನ ಮೇಲಿದ್ದಾಗ ಮಿಲ್ಲಿನ ಎಣ್ಣೆ ಇಂಜಿನ್ ನೋಡಿಕೊಳ್ಳುತ್ತೇನೆ, ಲಾರಿಯ ಹೊಟ್ಟೆ ಬಿಚ್ಚಿ ತೊಳೆಯುತ್ತೇನೆ, ಆದರೆ 'ದೀಪಾವಳಿಗೆ ಬಾ' ಅನ್ನಬಾರದು.

"ಅಂಥಾ ಪದ್ಧತಿ ಎಲ್ಲೂ ಇಲ್ಲಪ," ಅಂದರು ಅಪ್ಪ.

"ಅದಕ್ಕೇ ಬಂದಿದ್ದು. ಇದ್ದಿದ್ರೆ ಅಲ್ಲಿಗೇ ಹೋಗ್ತಿದ್ದೆ."

ಅವರಿಗೆ ಈ ಹಟ ಯಾಕೆಂದು ನಾನು ಆಮೇಲೆ ಕೇಳಿದೆ. ಬಾನೆಟ್ಟಿನ ಒಳಗೆ ತಲೆಯಿಟ್ಟುಕೊಂಡೇ ಹೇಳಿದರು. ಪ್ರತಿ ಮಳೆಗಾಲ ಹೆಂಡತಿ ಮಗಳನ್ನು ಕರೆದುಕೊಂಡು ಸೊರಬದ ಹತ್ತಿರದ ಅತ್ತೆಯ ಮನೆಗೆ ಹೋಗಿ ಕೂರಬೇಕು. ಮಗಳು ಒಂದು ಊರಿನ ಶಾಲೆಯಲ್ಲಿ ಗೆಳತಿಯರನ್ನು ಮಾಡಿಕೊಳ್ಳುವ ಹೊತ್ತಿಗೆ ಆಷಾಢ ಬರುತ್ತದೆ, ದೀಪಾವಳಿಗೆ ಇನ್ನೊಂದು ಸಾಹುಕಾರ, ಇನ್ನೊಂದು ಊರು, ಇನ್ನೊಂದು ಶಾಲೆ.

"ಅತ್ತೆ ಮನೇಲಿ ಮೊದಲನೇ ವಾರ ಮಣೆ ಹಾಕ್ತಾರೆ, ತುಪ್ಪ ಬಡಿಸ್ತಾರೆ. ಎರಡನೇ ವಾರ ತುಪ್ಪ ಹೋಗ್ತದೆ. ಮೂರನೇ ವಾರ ಮಣೆ ಹೋಗ್ತದೆ. ಆಮೇಲೆ ನಮ್ಮತ್ತೆ ನನ್ನ ಎದುರಿಗೇ ಎಮ್ಮೆಗೆ ಹೇಳ್ತಾರೆ, 'ಕೆಲವರಿಗೆ ತಿನ್ನೋದೊಂದೇ ಕೆಲ್ಸ ನೋಡೇ' ಅಂತ."

"ಎಮ್ಮೆ ಏನು ಅಂತು ಮಾಮ?"

"ಎಮ್ಮೆಗೆ ಮಾನ ಇದೆ. ಸುಮ್ನಿತ್ತು."

ನಾನು ನಕ್ಕೆ. ಅವರು ನಗಲಿಲ್ಲ. ಸ್ಪ್ಯಾನರ್ ಕೊಡು ಅಂದರು.

ಅಪ್ಪ ಯುಗಾದಿಯ ದಿನ ಒಪ್ಪಿದರು. ಬೇವು ಬೆಲ್ಲ ತಿಂದು ಒಳ್ಳೆಯ ಮನಸ್ಸಿನಲ್ಲಿದ್ದರೋ, ನಮ್ಮ ಹಳೆಯ ಡ್ರೈವರ್ ಆ ವಾರವೇ ಲಾರಿಯನ್ನು ಕೆರೆಯ ಏರಿಯಿಂದ ಇಳಿಸಿದ್ದು ನೆನಪಾಯಿತೋ ಗೊತ್ತಿಲ್ಲ. ನಮ್ಮ ಮಿಲ್ಲಿನಲ್ಲಿ ಸಂಬಳದ ಬಟವಾಡೆ ಅಮಾವಾಸ್ಯೆಗೆ, ಇಂಜಿನ್ ನಿಲ್ಲಿಸುವ ದಿನ. ಹಾಗಾಗಿ ಅಪ್ಪ ಎಲ್ಲರೆದುರು ಬೆರಳು ಮಡಿಸಿ ಹೇಳಿದರು: "ಚೈತ್ರ, ವೈಶಾಖ, ಜ್ಯೇಷ್ಠ..." ಹಾಗೇ ಫಾಲ್ಗುಣದ ತನಕ. "ಹನ್ನೆರಡೂ ತಿಂಗಳು ಸಂಬಳ. ಒಂದೂ ತಪ್ಪಂಗಿಲ್ಲ. ಸಾಕಲ್ಲ?"

"ಸಾಕು," ಅಂದರು ಡ್ರೈವರ್ ಮಾಮ. ಮೀಸೆಯ ಎರಡೂ ತುದಿ ಆ ದಿನ ಕಿವಿ ಮುಟ್ಟಿದವು. ಅವರು ಅದೇ ಸಂಜೆ ಗುಡಿಯಲ್ಲಿ ಜೋಯಿಸರು ಪಂಚಾಂಗ ಓದುವುದನ್ನು ಕೇಳಲೂ ಹೋಗಿದ್ದರು. ಮಳೆ ಎಷ್ಟು, ಬೆಳೆ ಎಷ್ಟು ಎಂದು ಜೋಯಿಸರು ಶುರುಮಾಡುತ್ತಿದ್ದಂತೆ, "ಟಯರ್ ಬಗ್ಗೆ ಏನಾದ್ರೂ ಬರೆದಾರ?" ಎಂದು ಕೇಳಿ, ಇಲ್ಲ ಅಂದ ಕೂಡಲೇ ಎದ್ದು ಬಂದರಂತೆ. ಇನ್ನೊಂದು ಪುಟ ಕೂತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಿಲ್ಲಿನ ಹಿಂದಿನ ಕೋಣೆ ಬಾಡಿಗೆಗೆ ಹಿಡಿದರು. ಹೆಂಡತಿ ಮಗಳು ಬಂದರು. ಮಗಳನ್ನು ಶಾಲೆಗೆ ಸೇರಿಸಿದರು. ಮನೆಯ ಪಕ್ಕ ಒಂದು ಹೀರೆ ಬಳ್ಳಿ ಹಾಕಿದರು. ದಿನಾ ಬೆಳಿಗ್ಗೆ ಅದರ ಮುಂದೆ ನಿಂತು, ಯುದ್ಧ ಗೆದ್ದ ರಾಜನ ಹಾಗೆ ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದರು. "ನನ್ನ ಜನ್ಮದಲ್ಲಿ ನೆಟ್ಟಿದ್ದನ್ನ ಕೊಯ್ಯೋದು ಇದೇ ಮೊದಲು ನೋಡು," ಅನ್ನುತ್ತಿದ್ದರು. ಕಾಯಿ ಬಿಡುವುದಿರಲಿ, ಆಗಿನ್ನೂ ಎರಡು ಎಲೆ ಒಡೆದಿತ್ತು.

ಅವರ ಲಾರಿ ಓಡಿಸುವ ಶೈಲಿಯ ಬಗ್ಗೆ ಒಂದೇ ಒಂದು ಸಂಗತಿ ಹೇಳುತ್ತೇನೆ, ಉಳಿದವಕ್ಕೆ ಪೊಲೀಸರು ಸಾಕ್ಷಿ ಕೇಳಬಹುದು. ಗುಡವಿ ಹತ್ತಿರ ರಸ್ತೆ ಒಂದು ಲಾರಿಗಷ್ಟೇ ಇದೆ. ಎದುರಿಗೆ ಇನ್ನೊಂದು ಲಾರಿ ಬಂತು. ಇಬ್ಬರಲ್ಲಿ ಒಬ್ಬರು ಹಿಂದೆ ಹೋಗಬೇಕು. ಆ ಡ್ರೈವರ್ ಹಾರನ್ ಹೊಡೆದ. ನಮ್ಮವರು ಇಂಜಿನ್ ಬಂದ್ ಮಾಡಿ, ಬುತ್ತಿ ತೆಗೆದು, ಬಾನೆಟ್ಟಿನ ಮೇಲೆ ಹತ್ತಿ ಕೂತರು. ರೊಟ್ಟಿ ತಿಂದರು. ಕೈ ತೊಳೆದರು. ಎಲೆ ಅಡಿಕೆ ಹಾಕಿದರು. ಆಮೇಲೆ ಅವನಿಗೆ, "ನೀನೂ ಊಟ ಮಾಡು ತಮ್ಮ, ಸಂಜೆ ಆಗ್ತದೆ," ಎಂದರು. ಅವನು ಹಿಂದೆ ಹೋದ. ಎಷ್ಟು ಹಿಂದೆ ಅಂದರೆ, ನಮ್ಮ ಕ್ಲೀನರ್ ಹೇಳುವ ಪ್ರಕಾರ, ಅವನು ಹೊರಟ ಊರಿಗೇ ವಾಪಸು ತಲುಪಿದ.

ಆಷಾಢ ಬಂತು. ಲಾರಿ ಕಲ್ಲೇರಿತು. ಡ್ರೈವರ್ ಮಾಮ ಎಣ್ಣೆ ಇಂಜಿನ್ನಿನ ಕೋಣೆಗೆ ಇಳಿದು ಕಪ್ಪಗಾದರು, ಆದರೆ ಮುಖದ ಮೇಲಿನ ಖುಷಿ ಮಸಿಯನ್ನೂ ದಾಟಿ ಕಾಣುತ್ತಿತ್ತು. ಉಳಿದ ಸಾಹುಕಾರರ ಡ್ರೈವರ್‌ಗಳು ಟ್ರಂಕು ಹೊತ್ತು ಬಸ್ಸಿಗೆ ಕಾಯುವಾಗ ಅವರು ಬೇಕೆಂದೇ ಆ ದಾರಿಯಲ್ಲಿ ಅಡ್ಡಾಡಿದರು.

ಆಷಾಢದ ಅಮಾವಾಸ್ಯೆಗೆ ಬಟವಾಡೆಯೂ ಆಯಿತು. ಅದೇ ಸಂಜೆ ಜೋಯಿಸರು ನಮ್ಮ ಮನೆಗೆ ಬಂದರು. ನಮ್ಮಕ್ಕನ ಮದುವೆ ಹಿಂದಿನ ವರ್ಷವಾಗಿತ್ತು, ಹರಿಹರಕ್ಕೆ ಕೊಟ್ಟಿತ್ತು. ಮದುವೆಯ ನಂತರ ಬಂದ ಮೊದಲ ಅಧಿಕ ಮಾಸ. ಅಳಿಯನನ್ನು ಕರೆಸಿ ಬಾಗಿನ ಕೊಡಬೇಕು, ಕಜ್ಜಾಯ ಕೊಡಬೇಕು, ಹೊಟ್ಟೆ ಒಡೆಯುವಷ್ಟು ಉಣ್ಣಿಸಬೇಕು. "ನಾಳೆಯಿಂದ ಅಧಿಕ ಶ್ರಾವಣ. ಅದು ಮುಗಿದ ಮೇಲೆ ನಿಜವಾದ ಶ್ರಾವಣ. ಈ ವರ್ಷಕ್ಕೆ ಹದಿಮೂರು ತಿಂಗಳು," ಎಂದು ಜೋಯಿಸರು ಹೇಳಿ ಕಾಫಿ ಕುಡಿದು ಹೋದರು.

ಅಪ್ಪ ಬಹಳ ಹೊತ್ತು ಬೆರಳು ಮಡಿಸುತ್ತ, ಬಿಚ್ಚುತ್ತ ಕೂತಿದ್ದರು. ಅವರು ಮೋಸಗಾರರಲ್ಲ. ಯುಗಾದಿಯ ದಿನ ಅವರಿಗೂ ಇದು ನೆನಪಿರಲಿಲ್ಲ. ಆದರೆ ಈಗ ನೆನಪಾಯಿತಲ್ಲ. ವ್ಯಾಪಾರಿಗೆ ನೆನಪಾದ ಮೇಲೆ ಮುಗಿಯಿತು.

ಮರುದಿನ ಬೆಳಿಗ್ಗೆ ಡ್ರೈವರ್ ಮಾಮನನ್ನು ಕರೆದರು. "ನೋಡಪ, ನಾನು ಮಾತು ಕೊಟ್ಟಿದ್ದು ಹನ್ನೆರಡು ತಿಂಗಳಿಗೆ. ಹೆಸರು ಹಿಡದು ಹೇಳೀನಿ. ಈ ತಿಂಗಳು ಅದರಾಗ ಇಲ್ಲ. ಇದು ಅಧಿಕ. ಲೆಕ್ಕಕ್ಕಿಲ್ಲದ ತಿಂಗಳು. ಮಳೀನೂ ಜೋರೈತಿ. ಆರಾಮ ಹೆಂಡ್ತಿ ಮಕ್ಕಳನ್ನ ಕರಕೊಂಡು ನಿಮ್ಮತ್ತಿ ಮನಿಗೆ ಹೋಗಿ ಬಾ. ಮುಂದಿನ ಅಮಾಸಿ ಕಳದ ಮ್ಯಾಲೆ ಬಾ."

ಡ್ರೈವರ್ ಮಾಮ ಕೋಣೆಗೆ ಹೋಗಿ ಮಸಿ ತೊಳೆದುಕೊಂಡು, ಖಾಕಿ ಅಂಗಿ, ಕೆಂಪು ಕರವಸ್ತ್ರ, ಬೂಟು ಹಾಕಿಕೊಂಡು ಬಂದು, ಕಲ್ಲಿನ ಮೇಲಿದ್ದ ಲಾರಿಯನ್ನು ಹತ್ತಿ ಸ್ಟೇರಿಂಗ್ ಹಿಡಿದು ಕೂತರು. ಇಂಜಿನ್ ಕೋಣೆಗೆ ಹೋಗಲಿಲ್ಲ. ಊಟಕ್ಕಷ್ಟೇ ಇಳಿಯುತ್ತಾರೆಂದು ಕೆಲವರು ಅಂದುಕೊಂಡರು, ಅದೂ ಇಲ್ಲ. ಅವರ ಹೆಂಡತಿ ತಲೆಗೆ ಕಂಬಳಿಕೊಪ್ಪೆ ಹಾಕಿಕೊಂಡು ಬುತ್ತಿ ತಂದು ಕಿಟಕಿಯಲ್ಲಿ ಕೊಟ್ಟರು. ಎಷ್ಟು ದಿನ ಕೂತರು ಎಂದು ಕೇಳಬೇಡಿ. ಶಾಲೆಯಲ್ಲಿ ಹೇಳುವಾಗ ಹದಿನೈದು ದಿನ ಅನ್ನುತ್ತೇನೆ. ಮನೆಯಲ್ಲಿ ಯಾರಾದರೂ ಇದ್ದರೆ ಎರಡೇ ದಿನ.

ಅಪ್ಪ ಕೊಡೆ ಹಿಡಿದು ಅಂಗಳಕ್ಕೆ ಬಂದರು. "ಇಳಿಯಪ ಕೆಳಗ."

"ಯಾರು ಇಳೀಬೇಕು?"

"ನೀನು. ಮತ್ಯಾರು?"

"ಈ ತಿಂಗಳು ಇಲ್ಲ ಅಂದ್ರಲ್ಲ ಸಾಹುಕಾರ್ರೆ. ತಿಂಗಳೇ ಇಲ್ಲ ಅಂದ ಮೇಲೆ ಅದರಲ್ಲಿ ನಾನೆಲ್ಲಿಂದ ಬಂದೆ? ಇಲ್ಲದವನನ್ನ ಹೆಂಗೆ ಇಳಿಸ್ತೀರಿ?"

ಹುಲ್ಲಿನ ಗಾಡಿಯವನೊಬ್ಬ ನಿಂತು ನಕ್ಕ. ಅವನು ನಕ್ಕದ್ದಕ್ಕೆ ಇನ್ನಿಬ್ಬರು ನಿಂತರು. ಭತ್ತ ಮಾಡಿಸಲು ಬಂದವರು ಇಂಜಿನ್ ನಿಂತದ್ದರಿಂದ ಮೊದಲೇ ಅಲ್ಲಿದ್ದರು. ನಾನು ಕಾಂಪೌಂಡು ಗೋಡೆ ಹತ್ತಿ, ಹೊಸದಾಗಿ ಬಂದವರಿಗೆ ಕಥೆಯನ್ನು ಮೊದಲಿನಿಂದ ಹೇಳುವ ಕೆಲಸ ವಹಿಸಿಕೊಂಡೆ. ಪ್ರತಿ ಸಲವೂ ಸ್ವಲ್ಪ ಚೆನ್ನಾಗಿ ಮಾಡಿ ಹೇಳಿದೆ. ನಾನು ಅಪ್ಪನ ಕಡೆಗೂ ಇದ್ದೆ, ಮಾಮನ ಕಡೆಗೂ ಇದ್ದೆ. ಒಟ್ಟಿನಲ್ಲಿ ಇದು ಬೇಗ ಮುಗಿಯದಿರಲಿ ಎಂಬುದೊಂದೇ ನನ್ನ ಪಕ್ಷ.

ಗುಮಾಸ್ತರು ಸಮಾಧಾನಕ್ಕೆ ಹೋದರು. "ಒಂದು ತಿಂಗಳು ತಾನೇ ಮಾರಾಯ, ಹೋಗಿ ಬಂದುಬಿಡು."

"ಒಂದು ತಿಂಗಳಲ್ಲ ಗುಮಾಸ್ತರೆ," ಅಂದರು ಡ್ರೈವರ್ ಮಾಮ. ಈಗ ದನಿಯಲ್ಲಿ ತಮಾಷೆ ಇರಲಿಲ್ಲ. "ಇಲ್ಲಿಂದ ಒಂದು ಸಲ ಟ್ರಂಕು ಹೊತ್ತೆ ಅಂದ್ರೆ ನಾನು ಮತ್ತೆ ದೀಪಾವಳಿ ಡ್ರೈವರ್. ಮಗಳು ಶಾಲೆಯಿಂದ ಬಂದು ಕೇಳಿದಾಳೆ, 'ಅಪ್ಪ ಈ ಸಲ ಹೋಗೋದಿಲ್ಲ ಅಲ್ಲ?' ಅಂತ. ಇಲ್ಲ ಅಂದಿದೀನಿ. ಬರ್ಮಾದಲ್ಲಿ ಬಾಂಬು ಬಿದ್ದಾಗ ಗಾಡಿ ಇಳೀಲಿಲ್ಲ. ಇದಕ್ಕೆ ಇಳೀತೀನಾ?"

ಗುಮಾಸ್ತರು ಹಿಂದೆ ಸರಿದರು. ನಾನೂ ಒಂದು ಗಳಿಗೆ ಕಥೆ ಹೇಳುವುದನ್ನು ನಿಲ್ಲಿಸಿದೆ. ಇದನ್ನು ನೀವು ನಂಬಲೇಬೇಕು.

ಸರಿಯಾಗಿ ಆಗ ಭಾವ ಬಂದರು. ಹರಿಹರದ ಬಸ್ಸಿಳಿದು, ಜರಿ ಪಂಚೆ ಮೊಣಕಾಲಿಗೆ ಎತ್ತಿಕೊಂಡು, ಬಾಗಿನ ತೆಗೆದುಕೊಳ್ಳುವ ಮುಖ ಮಾಡಿಕೊಂಡು ಗೇಟಿನೊಳಗೆ ಬಂದರೆ ಅರ್ಧ ಊರು ಅಂಗಳದಲ್ಲಿದೆ. ತಮ್ಮನ್ನು ಎದುರುಗೊಳ್ಳಲು ಬಂದವರೆಂದು ಭಾವಿಸಿ ಎಲ್ಲರಿಗೂ ಕೈ ಮುಗಿದರು.

"ಬರ್ರಿ ಬರ್ರಿ ಅಳಿಯಂದ್ರೆ," ಅಪ್ಪ ಕೊಡೆ ಹಿಡಿಯಲು ಓಡಿದರು.

"ಸಾಹುಕಾರ್ರೆ!" ಲಾರಿಯ ಕಿಟಕಿಯಿಂದ ಮೀಸೆ ಹೊರಬಂತು. "ಅಳಿಯಂದ್ರು ಬಂದದ್ದು ಯಾವ ತಿಂಗಳಿಗೆ?"

ಅಪ್ಪ ಕೊಡೆಯನ್ನು ಅಳಿಯನ ತಲೆಯ ಮೇಲೆ ಇನ್ನಷ್ಟು ಬಗ್ಗಿಸಿ ಹಿಡಿದರು.

"ನಾನೂ ಒಬ್ಬರ ಮನೆ ಅಳಿಯನೇ. ನಿಮ್ಮ ಅಳಿಯನಿಗೆ ಈ ತಿಂಗಳು ಒಂದಕ್ಕೆರಡು ಇದೆ, ನನಗೆ ಇರೋದೂ ಇಲ್ಲ. ಇದು ಎಂಥ ಪಂಚಾಂಗ ಮಾರಾಯ್ರೆ? ಯಾರು ಛಾಪಿಸಿದ್ದು?"

ಜನ ಹೋ ಎಂದು ನಕ್ಕರು. ಅಪ್ಪನ ಕಿವಿ ಕೆಂಪಾಯಿತು. ಅಳಿಯನ ಎದುರು, ಊರ ಎದುರು, ಡ್ರೈವರ್ ಎದುರು. ಅವರು ಕೊಡೆ ಮಡಿಸಿದರು, ಮಳೆಯಲ್ಲೇ. "ಪೊಲೀಸರನ್ನ ಕರಸ್ತೀನಿ. ಸಾಮಾನು ಹೊರಗ ಹಾಕಸ್ತೀನಿ. ನಿನಗ ಈ ತಾಲ್ಲೂಕಿನಾಗ ಯಾರು ಕೆಲಸ ಕೊಡ್ತಾರ ನೋಡೇಬಿಡ್ತೀನಿ!"

"ಹಾಕ್ಸಿ. ಲಾರಿ ಸಮೇತ ಹೊರಗೆ ಹಾಕ್ಸಿ. ನಾನಂತೂ ಇಳಿಯೋದಿಲ್ಲ."

ಅವರ ಹೆಂಡತಿ ಕೊಪ್ಪೆಯೊಳಗೆ ಅಲ್ಲೇ ನಿಂತಿದ್ದರು, ಖಾಲಿ ಬುತ್ತಿ ಹಿಡಿದುಕೊಂಡು. ಅಪ್ಪ ಆಳನ್ನು ಕೂಗಿದರು, ಠಾಣೆಗೆ ಓಡು ಎಂದರು. ನಾನು ಗೋಡೆಯ ಮೇಲೆ ಎದ್ದು ನಿಂತೆ, ಪೊಲೀಸರು ಬಂದರೆ ಮೊದಲು ಕಾಣುವುದು ನನಗೇ ಆಗಬೇಕಲ್ಲ.

ಆಳು ಗೇಟು ದಾಟುವ ಮೊದಲೇ ಹಿತ್ತಲ ಬಾಗಿಲಿನಿಂದ ಅಮ್ಮ ಬಂದಳು. ಕೈಯಲ್ಲಿ ಕಜ್ಜಾಯ ಎತ್ತುವ ಜಾಲರಿ ಸೌಟು, ಇನ್ನೂ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅಮ್ಮ ಮಿಲ್ಲಿನ ಅಂಗಳಕ್ಕೆ ಕಾಲಿಟ್ಟದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಜನ ತಾವಾಗಿಯೇ ದಾರಿ ಬಿಟ್ಟರು.

"ಏನ್ರಿ ಇದು?"

"ನೀ ಒಳಗ ನಡಿ. ಈ ತಿಂಗಳು ಲೆಕ್ಕಕ್ಕಿಲ್ಲ ಅಂದ್ರ ಇಂವ ಕೇಳವಲ್ಲ."

"ಲೆಕ್ಕಕ್ಕಿಲ್ಲಾ?"

"ಇಲ್ಲ," ಅಂದರು ಅಪ್ಪ, ಎಲ್ಲರಿಗೂ ಕೇಳುವ ಹಾಗೆ.

ಅಮ್ಮ ಅಪ್ಪನ ಕೈ ಹಿಡಿದು ಸೌಟನ್ನು ಅದರಲ್ಲಿಟ್ಟಳು. "ಹಂಗಾದ್ರ ನಾನು ಬೆಳಿಗ್ಗೆಯಿಂದ ಹೊಗಿಯಾಗ ಕೂತು ಕರದದ್ದೂ ಲೆಕ್ಕಕ್ಕಿಲ್ಲ. ಬಾಣಲಿ ಇಳಿಸಿ ಬಂದೀನಿ. ಉಳದ ಹಿಟ್ಟು ನೀವ ಕರೀರಿ. ನನ್ನ ತಿಂಗಳು ಬಂದ ಮ್ಯಾಲೆ ಹೇಳಿ ಕಳಸ್ರಿ." ಆಮೇಲೆ ಡ್ರೈವರ್ ಮಾಮನ ಹೆಂಡತಿಯ ಕಡೆ ತಿರುಗಿ, "ಬಾ ತಂಗಿ, ಮಳಿಯಾಗ ಯಾಕ ನಿಂತಿ? ನಮಗಿಬ್ಬರಿಗೂ ಈ ತಿಂಗಳು ಇಲ್ಲ," ಎಂದು ಮಿಲ್ಲಿನ ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿ, ತಾನೂ ಕೂತಳು.

ಅಪ್ಪ ಸೌಟು ಹಿಡಿದು ನಿಂತೇ ಇದ್ದರು. ಎಣ್ಣೆ ಅವರ ಪಂಚೆಯ ಮೇಲೆ ಇಳಿಯಿತು. ಯಾರೂ ನಗಲಿಲ್ಲ, ಅದೇ ಭಯಂಕರವಾಗಿತ್ತು. ಕೊನೆಗೆ ಭಾವ ಮೆಲ್ಲಗೆ ಕೇಳಿದರು, "ಮಾವಾರ... ಹಂಗಾದ್ರ ಊಟ?"

ಅಪ್ಪ ಲಾರಿಯ ಹತ್ತಿರ ಹೋದರು. "ಇಳೀರಿ," ಅಂದರು. ಡ್ರೈವರ್ ಮಾಮನಿಗೆ ಅಪ್ಪ 'ರಿ' ಹಚ್ಚಿದ್ದು ಅದೇ ಮೊದಲು.

"ಯಾವ ತಿಂಗಳಲ್ಲಿ ಇಳೀಲಿ?"

"ಸಂಬಳದ ತಿಂಗಳಾಗ. ಅಧಿಕ ಬರ್ಲಿ, ಇನ್ನೊಂದು ಬರ್ಲಿ, ವರ್ಷಕ್ಕ ಎಷ್ಟು ಅಮಾಸಿ ಬರ್ತಾವೋ ಅಷ್ಟು ಸಂಬಳ. ಇಳೀರಿ ಮಾರಾಯ್ರ, ಕೈ ಮುಗೀತೀನಿ."

ಡ್ರೈವರ್ ಮಾಮ ಕೆಂಪು ಕರವಸ್ತ್ರ ಸರಿಮಾಡಿಕೊಂಡರು. ಬಾಗಿಲು ತೆಗೆದರು. ಒಂದು ಕಾಲು ಕೆಳಗಿಟ್ಟು, ಇನ್ನೊಂದನ್ನು ಮೇಲೇ ಇಟ್ಟುಕೊಂಡು ಏನೋ ಒಂದು ದೊಡ್ಡ ಮಾತು ಹೇಳಲು ಎದೆ ಉಬ್ಬಿಸಿದರು. ಇಡೀ ಅಂಗಳ ಕಿವಿ ಕೊಟ್ಟಿತು. ನಾನು ಗೋಡೆಯಿಂದ ಅರ್ಧ ಮುಂದೆ ಬಗ್ಗಿದೆ.

"ನೀವೂ ಸಾಕು ಮಾಡ್ರಿ," ಜಗಲಿಯಿಂದಲೇ ಅಮ್ಮ ಅಂದಳು. "ಜನ ಭತ್ತ ಇಟಗೊಂಡು ನಿಂತಾರ. ಇಂಜಿನ್ ಚಾಲೂ ಮಾಡ್ರಿ."

"ಹೂನ್ರಮ್ಮ," ಅಂದರು ಡ್ರೈವರ್ ಮಾಮ, ಎದೆ ಇಳಿಸಿ.

ಅಮ್ಮ ಎದ್ದು ಬಂದು ಅಪ್ಪನ ಕೈಯಿಂದ ಸೌಟು ಇಸಿದುಕೊಂಡಳು, ದಾರಿಯಲ್ಲಿ ನನ್ನ ಕಾಲು ಹಿಡಿದು ಗೋಡೆಯಿಂದ ಕೆಳಗೆಳೆದಳು, ಜನಕ್ಕೆ ಗೇಟು ತೋರಿಸಿದಳು. ಇಂಜಿನ್ ಕೋಣೆಯಿಂದ ಕುಕ್ಕುಕ್ ಎಂದು ಸದ್ದು ಬರುವ ಹೊತ್ತಿಗೆ ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ.